ಸ್ಪ್ಯಾಂಕಿಂಗ್ ಕತೆಗಳಲ್ಲಿ ಅನ್ಯಾಯದ ಶಿಕ್ಷೆ: ತಪ್ಪಿಲ್ಲದೆ ತಿಂದ ಏಟೇ ಯಾಕೆ ಹೆಚ್ಚು ಕಾಡುತ್ತೆ?

ಒರೆಗಲ್ಲು

ಮೊದಲೇ ಹೇಳಿಬಿಡ್ತೀನಿ: ಸ್ಪ್ಯಾಂಕಿಂಗ್, ಅಂದ್ರೆ ಪಿರ್ರೆಗೆ ಏಟು ಕೊಡೋ, ಈ ಕತೆಗಳು ವಯಸ್ಕರದ್ದು, ಪಾತ್ರಗಳೂ ವಯಸ್ಕರೇ. ಬೇರೆ ಯಾವುದನ್ನೂ ಈ ಚರ್ಚೆಗೆ ಎಳೆದು ತರಬೇಡಿ.

ತಪ್ಪು ಮಾಡಿದವರಿಗೆ ಶಿಕ್ಷೆಯಾದರೆ ಲೆಕ್ಕ ಚುಕ್ತಾ. ಆರು ಏಟಿನ ತಪ್ಪು, ಆರು ಏಟು, ಕೊನೆಗೊಂದು ಅಪ್ಪುಗೆ. ಓದಿ ಮುಗಿಸಿದವರ ಕೈಯಲ್ಲಿ ಏನೂ ಉಳಿಯಲ್ಲ. ತಪ್ಪಿಲ್ಲದವರಿಗೆ ಬಿದ್ದ ಏಟು ಹಾಗಲ್ಲ, ಸಾಲದ ಥರ ಖಾತೆಯಲ್ಲಿ ಉಳಿದುಬಿಡುತ್ತೆ. ಯಾರು ತೀರಿಸ್ತಾರೆ, ಯಾವಾಗ, ಬಡ್ಡಿ ಎಷ್ಟು ಅನ್ನೋದೇ ಮುಂದಿನ ಕತೆ. ಸೆಳೆತದ ಅರ್ಧಕ್ಕಿಂತ ಹೆಚ್ಚು ಇರೋದು ಹೊಡೆತದಲ್ಲಲ್ಲ, ಈ ಬಾಕಿಯಲ್ಲಿ ಅನ್ನೋದು ನನ್ನ ವಾದ.

ಅನ್ಯಾಯದಲ್ಲೂ ಜಾತಿಗಳಿವೆ, ನಮ್ಮ ಗಾದೆಗಳು ಆಗಲೇ ವಿಂಗಡಿಸಿ ಇಟ್ಟಿವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಆಳು ಅದಲುಬದಲಾದ ಕತೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ್ದು: ಬೇಕಂತಲೇ ಸಿಕ್ಕಿಸಿದ ಕತೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ: ಇಬ್ಬರ ತಪ್ಪಿಗೆ ಒಬ್ಬರಿಗೆ ಮಾತ್ರ ಏಟು. ನೆಗಡಿ ಬಂತು ಅಂತ ಮೂಗು ಕೊಯ್ದದ್ದು: ತಪ್ಪೇನೋ ನಿಜ, ಅಳತೆ ಸುಳ್ಳು. ಕೊನೆಯದನ್ನೇ ಎಲ್ಲರೂ ಸುಲಭ ಅಂದ್ಕೊಂಡು ಬರೀತಾರೆ, ಅದೇ ಹೆಚ್ಚು ಕೆಡೋದು. ಎಷ್ಟು ಏಟು ಸರಿಯಾದ ಅಳತೆ ಅಂತ ಓದುಗರಿಗೆ ಮೊದಲು ಗೊತ್ತಿರಬೇಕಲ್ಲ.

ತಿದ್ದುಪಡಿ

ಕೊನೆಯ ಸಾಲು ನಾಲ್ಕೂ ಜಾತಿಗೆ ಅನ್ವಯಿಸುತ್ತೆ. ಅನ್ಯಾಯ ಬರೆಯೋಕೆ ಮುಂಚೆ ನ್ಯಾಯ ಕಟ್ಟಬೇಕು. ಕಾನೂನೇ ಇಲ್ಲದ ಮನೆಯಲ್ಲಿ ಬೀಳೋ ಏಟು ಬರೀ ದೌರ್ಜನ್ಯ, ಅದರಲ್ಲಿ ಓದುಗರಿಗೆ ಹಿಡಿದುಕೊಳ್ಳೋಕೆ ಏನೂ ಸಿಗಲ್ಲ.

ಒಂದು ಉದಾಹರಣೆ ಇಟ್ಕೊಳ್ಳೋಣ. ಮೂವತ್ತು ದಾಟಿದ ಇಬ್ಬರು, ಒಟ್ಟಿಗೆ ಇದ್ದಾರೆ. ದುಂದು, ಮರೆವು, ಸುಳ್ಳು ಇವಕ್ಕೆ ಇಬ್ಬರೂ ಸೇರಿ ನಿಯಮ ಮಾಡ್ಕೊಂಡಿದ್ದಾರೆ: ಬಿಲ್ಲಿನ ಗಡುವು ತಪ್ಪಿದರೆ ಆರು ಏಟು. ಗಡುವು 10ನೇ ತಾರೀಕು. ಅವಳು 9ರ ಸಂಜೆ ಕೌಂಟರಿನಲ್ಲಿ ಕಟ್ಟಿದ್ದಾಳೆ. ಹಣ ಖಾತೆಗೆ ಜಮಾ ಆಗಿದ್ದು 11ಕ್ಕೆ, ದಂಡ ಸೇರಿಸಿದ ಸಂದೇಶ ಬಂದದ್ದೂ ಅವತ್ತೇ. ಅನ್ಯಾಯ ಇರೋದು ಕಟ್ಟಿದ ದಿನಕ್ಕೂ ಜಮಾ ಆದ ದಿನಕ್ಕೂ ನಡುವಿನ ಸಂದಿಯಲ್ಲಿ. ಯಾರೂ ಕೆಟ್ಟವರಲ್ಲ, ಆದರೂ ಏಟು ಬೀಳುತ್ತೆ. ಇಂಥ ಸಂದಿ ಸಿಕ್ಕಿದರೆ ಕತೆ ಅರ್ಧ ಗೆದ್ದಂತೆ.

3000 ಪದಗಳ ಕತೆಯಾದರೆ ನಾನು ಹಂಚೋದು ಹೀಗೆ: ನಿಯಮ ಸರಿಯಾಗಿ ಜಾರಿಯಾಗೋ ಒಂದು ಸಣ್ಣ ಪ್ರಸಂಗಕ್ಕೆ 600, ಆರೋಪ ಮತ್ತು ವಿಚಾರಣೆಗೆ 700, ಶಿಕ್ಷೆಗೆ 600, ಉಳಿದ 1100 ಪೂರ್ತಿ ಆಮೇಲಿನದಕ್ಕೆ. ಹೆಚ್ಚಿನ ಕರಡುಗಳಲ್ಲಿ ಇದು ತಲೆಕೆಳಗಾಗಿರುತ್ತೆ. ಆರೋಪ ನಾಲ್ಕು ಸಾಲು, ಏಟು ನಾಲ್ಕು ಪುಟ, ಕೊನೆಗೆ "ಅಯ್ಯೋ, ನಿನ್ನ ತಪ್ಪಿರಲಿಲ್ವಾ" ಅಂತ ಒಂದು ಪ್ಯಾರಾ. ಅಲ್ಲಿಗೆ ಸಾಲವೂ ಇಲ್ಲ, ಬಡ್ಡಿಯೂ ಇಲ್ಲ.

ನಡುರಾತ್ರಿ_ಓದುಗ

ಬರೆಯುವವನಲ್ಲ, ಓದುವವನಾಗಿ ಕೇಳ್ತಿದೀನಿ. "ರಸೀದಿ ಇದೆ ನೋಡು" ಅಂದ್ರೆ ಮುಗೀತಲ್ಲ? ಇಂಥ ಕತೆಗಳಲ್ಲಿ ನೂರಕ್ಕೆ ತೊಂಬತ್ತರಲ್ಲಿ ನಾಯಕಿ ಬಾಯಿ ಬಿಟ್ಟಿದ್ರೆ ಕತೆನೇ ಇರ್ತಿರಲಿಲ್ಲ. ಸಿಟ್ಟು ಬರೋದು ಹೊಡೆದವನ ಮೇಲಲ್ಲ, ಬರೆದವರ ಮೇಲೆ.

ತಿದ್ದುಪಡಿ

ಅದಕ್ಕೆ ಒಂದು ವಾಕ್ಯದ ತೂತು ಅಂತೀನಿ. ಒಂದೇ ವಾಕ್ಯದಲ್ಲಿ ಬಗೆಹರಿಯೋ ಅನ್ಯಾಯ ಓದುಗರಿಗೆ ಮಾಡಿದ ಅನ್ಯಾಯ. ಮುಚ್ಚೋಕೆ ನನಗೆ ಗೊತ್ತಿರೋ ದಾರಿ ನಾಲ್ಕು, ನಾಲ್ಕಕ್ಕೂ ಬೆಲೆ ಇದೆ.

ಹೇಳ್ತಾಳೆ, ಅವನು ನಂಬಲ್ಲ. ಹಿಂದೆ ಎರಡು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ ಇದು ನಡೆಯುತ್ತೆ, ಆದರೆ ಆ ಎರಡು ಸಲವನ್ನು ಮೊದಲೇ ತೋರಿಸಿರಬೇಕು. ಎರಡನೆಯದು, ಸಾಕ್ಷಿ ಕೈಗೆಟುಕಲ್ಲ. ರಸೀದಿ ಕಚೇರಿಯ ಡ್ರಾಯರಿನಲ್ಲಿದೆ, ಬೆಳಗಾಗಬೇಕು. ಇದು ಸಲೀಸು, ಆದರೆ "ಬೆಳಗಿನವರೆಗೆ ಕಾಯಬಾರದಿತ್ತಾ" ಅನ್ನೋ ಪ್ರಶ್ನೆ ಅವನ ತಲೆ ಮೇಲೆ ಕೂರುತ್ತೆ. ಮೂರನೆಯದು, ನಿಜ ಹೇಳಿದರೆ ಇನ್ನೊಬ್ಬರ ಗುಟ್ಟು ರಟ್ಟಾಗುತ್ತೆ. ಇದು ತುಂಬಾ ಗಟ್ಟಿ, ಆದರೆ ಆ ಮೂರನೆಯವರಿಗೂ ಕತೆಯಲ್ಲಿ ಜಾಗ ಬೇಕು, 3000 ಪದ ಸಾಲಲ್ಲ.

ನನಗೆ ಹಿಡಿಸೋದು ನಾಲ್ಕನೆಯದು: ಹೇಳಬಹುದು, ಹೇಳಲ್ಲ. ಕೇಳದೆಯೇ ತೀರ್ಪು ಕೊಟ್ಟವನಿಗೆ ಸಾಕ್ಷಿ ಯಾಕೆ ತೋರಿಸಲಿ ಅನ್ನೋ ಹಟ. ಇಲ್ಲಿ ಅವಳು ಬರೀ ಬಲಿಪಶು ಅಲ್ಲ, ಅವನ ಮೇಲೆ ಸಾಲ ಹೊರಿಸುತ್ತಿರುವವಳು. ಏಟು ತಿನ್ನುವವಳ ಕೈಯಲ್ಲೇ ಲಗಾಮು.

ಅಲ್ಪವಿರಾಮ

ಹಾಗಿದ್ರೆ ರಸೀದಿ ಅದೇ ಕೋಣೆಯಲ್ಲಿ ಇರಬೇಕು. ದೂರದ ಡ್ರಾಯರಿನಲ್ಲಿದ್ರೆ ಹಟಕ್ಕೆ ತೂಕ ಬರಲ್ಲ. ಕರಡುಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತೆ:

"ಅವನು ಅವಳನ್ನು ಹೊಡೆದನು. ಅವಳು ನಿರಪರಾಧಿಯಾಗಿದ್ದಳು. ತನಗೆ ಘೋರ ಅನ್ಯಾಯವಾಗುತ್ತಿದೆ ಎಂದು ಅವಳಿಗೆ ಅನಿಸಿತು."

ಅನ್ಯಾಯ ಅನ್ನೋ ಪದ ಬಂದ ತಕ್ಷಣ ಓದುಗರ ಕೆಲಸ ನಾವೇ ಮಾಡಿಬಿಟ್ವಿ. ಅದನ್ನೇ ಹೀಗೆ ಮಾಡಿ ನೋಡಿ:

"ಮೂರನೆಯದು ಬಿತ್ತು. ಮೇಜು ಕದಲಿದ ರಭಸಕ್ಕೆ ಪಕ್ಕದ ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟು ಜಾರಿ, ಎಡಗಿಸೆಯಿಂದ ರಸೀದಿಯ ಬಿಳಿ ಅಂಚು ಬೆರಳಗಲ ಇಣುಕಿತು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

'ಎಷ್ಟಾಯ್ತು?'

'ಮೂರು,' ಅಂದಳು. 'ಬರೆದಿಟ್ಟುಕೋ.'"

ಅಳು ಇಲ್ಲ, ನಿರಪರಾಧಿ ಇಲ್ಲ. ಬಿಳಿ ಅಂಚು ಇದೆ. ಇನ್ನು ಮೂರು ಏಟು ಬೀಳೋವರೆಗೂ ಓದುಗರ ಕಣ್ಣು ಆ ಕಿಸೆ ಬಿಟ್ಟು ಕದಲಲ್ಲ.

ಕರಡುಪ್ರತಿ

"ಬರೆದಿಟ್ಟುಕೋ" ಚೆನ್ನಾಗಿದೆ. ಒಂದು ಎಚ್ಚರಿಕೆ: ರಸೀದಿಯನ್ನು ಮೂರನೇ ಏಟಿಗೆ ಮೊದಲ ಬಾರಿ ತೋರಿಸಿದರೆ ಜಾದೂ ಥರ ಕಾಣುತ್ತೆ. ವಿಚಾರಣೆ ಶುರುವಾಗೋ ಮುಂಚೆಯೇ ಅವಳು ಅದನ್ನು ಮಡಚಿ ಕಿಸೆಗೆ ತುರುಕಿದ್ದು ಒಂದೇ ಒಂದು ಸಾಲಿನಲ್ಲಿ ಬಂದುಹೋಗಬೇಕು, ಬೇರೆ ಕೆಲಸದ ಮಧ್ಯೆ. ಬೀಗದ ಕೈ ಹುಡುಕುವಾಗ ಕೈಗೆ ಸಿಕ್ಕಿತು, ವಾಪಸ್ ಹಾಕಿದಳು, ಅಷ್ಟೆ.

ಇನ್ನೊಂದು ಸಾಮಾನ್ಯ ತಪ್ಪು, ಶಿಕ್ಷೆ ಕೊಡುವವನನ್ನು ಪೆದ್ದನನ್ನಾಗಿ ಮಾಡೋದು. ಅವನ ಜಾಗದಲ್ಲಿ ಓದುಗರೇ ಇದ್ದಿದ್ದರೂ ಅದೇ ತೀರ್ಪು ಕೊಡ್ತಿದ್ದರು ಅನ್ನಿಸಬೇಕು. ನಾನು ಹಿಡಿಯೋ ಅಳತೆ ಮೂರು ಸಾಕ್ಷಿ: ಎರಡು ನಿಜ, ಒಂದು ತಪ್ಪಾಗಿ ಓದಿದ್ದು. ಈ ಕತೆಯಲ್ಲಿ ದಂಡದ ಸಂದೇಶ ನಿಜ, 10ರಂದು ಅವಳು ಮನೆಗೆ ತಡವಾಗಿ ಬಂದದ್ದೂ ನಿಜ, "ಕಟ್ಟಿದ್ಯಾ?" ಅಂದಾಗ ಅವಳು ಒಂದು ಕ್ಷಣ ಸುಮ್ಮನಿದ್ದದ್ದನ್ನು ಅವನು ಅಪರಾಧಿ ಭಾವ ಅಂತ ಓದಿಕೊಂಡ. ನಿಜಕ್ಕೂ ಅವಳಿಗೆ ಆಗಿದ್ದು ಅವಮಾನ. ಮೂರೂ ಸುಳ್ಳು ಸಾಕ್ಷಿ ಇಟ್ಟರೆ ಅದು ಕೋತಿ-ಮೇಕೆ ಕತೆ, ಅದಕ್ಕೊಬ್ಬ ಖಳ ಬೇಕು.

ಗಂಟುಮೂಟೆ

ಎಲ್ಲಾ ಸರಿ, ಆದರೆ ಒಂದು ಮುಜುಗರ ಹೇಳ್ಲೇಬೇಕು. ನಿರಪರಾಧಿಗೆ ಏಟು ಬೀಳೋದನ್ನ ಸವಿಯೋದು ಅಂದ್ರೆ ಏನು? ನಿಜ ಜೀವನದಲ್ಲಿ ಇದೇ ತಾನೇ ಹಿಂಸೆ? ತಪ್ಪಿಗೆ ಶಿಕ್ಷೆ ಅಂದ್ರೆ ಒಂದು ನೆಪವಾದ್ರೂ ಇರುತ್ತೆ.

ಒರೆಗಲ್ಲು

ಗಂಟುಮೂಟೆಯವರೇ, ನೆಪ ಇರೋದೇ ಎಷ್ಟೋ ಓದುಗರಿಗೆ ತೊಡಕು. ಪಾತ್ರದೊಳಗೆ ಇಳಿದು ಓದುವವರಿಗೆ ಅರ್ಹ ಶಿಕ್ಷೆಯಲ್ಲಿ ತಾವೂ ತಪ್ಪಿತಸ್ಥರಾಗಬೇಕಾಗುತ್ತೆ. ಅನರ್ಹ ಶಿಕ್ಷೆಯಲ್ಲಿ ಏಟಿನ ಭಾವವೆಲ್ಲ ಸಿಗುತ್ತೆ, ಪಾಪಪ್ರಜ್ಞೆ ಮಾತ್ರ ಸಿಗಲ್ಲ. ಮರ್ಯಾದೆ ಒಳಗೆ ಭದ್ರವಾಗಿ ಇರುತ್ತೆ. ಇದು ಹಿಂಸೆಯನ್ನು ಸವಿಯೋದಕ್ಕಿಂತ, ತಲೆ ತಗ್ಗಿಸದೆ ಸೋಲೋದನ್ನು ಸವಿಯೋದಕ್ಕೆ ಹತ್ತಿರ.

ನಿಜ ಜೀವನದ ಮಾತು ಬೇರೆ, ಬೇರೆಯಾಗಿಯೇ ಇರಬೇಕು. ಒಪ್ಪಿಗೆಯಿಲ್ಲದ ಏಟು ಹಲ್ಲೆ, ಅದಕ್ಕೆ ರಸೀದಿ ಇದ್ದರೂ ಇಲ್ಲದಿದ್ದರೂ ಒಂದೇ.

ತಿದ್ದುಪಡಿ

ಇದಕ್ಕೆ ಕಸುಬಿನ ಉತ್ತರವೂ ಇದೆ. ಒಪ್ಪಿಗೆ ಎಲ್ಲಿದೆ ಅನ್ನೋದನ್ನು ಬರೆದವರು ತೀರ್ಮಾನ ಮಾಡಿರಬೇಕು. ಒಂದು ಬಗೆಯಲ್ಲಿ ಪಾತ್ರಗಳೇ ಒಪ್ಪಿ ಆಡುವ ಸುಳ್ಳು ಆರೋಪ: "ಇವತ್ತು ನೀನು ಕದ್ದಿದ್ದೀಯ, ನೀನು ಕದ್ದಿಲ್ಲ ಅಂತ ನಂಗೂ ಗೊತ್ತು." ಆಟ ನಿಲ್ಲಿಸುವ ಸೇಫ್‌ವರ್ಡ್ ಇರುತ್ತೆ, ಅನ್ಯಾಯ ನಾಟಕ. ಇನ್ನೊಂದರಲ್ಲಿ ವ್ಯವಸ್ಥೆಗೆ ಒಪ್ಪಿಗೆ ಇದೆ, ಈ ತೀರ್ಪಿಗೆ ಇಲ್ಲ, ನಮ್ಮ ರಸೀದಿ ಕತೆ ಇದು. ಇಲ್ಲಿ ನಿಲ್ಲಿಸುವ ಪದ ಅವಳಿಗೆ ಗೊತ್ತಿದೆ ಅಂತ ಓದುಗರಿಗೆ ತಿಳಿದಿದ್ದರೆ ಹಟ ಇನ್ನೂ ಹೊಳೆಯುತ್ತೆ. ನಿಲ್ಲಿಸಬಹುದಾಗಿದ್ದವಳು ನಿಲ್ಲಿಸಲಿಲ್ಲ. ಮೂರನೆಯದರಲ್ಲಿ ಪಾತ್ರಗಳ ಮಟ್ಟದಲ್ಲಿ ಒಪ್ಪಿಗೆಯೇ ಇಲ್ಲ, ಇರೋದು ಲೇಖಕ-ಓದುಗರ ನಡುವಿನ ಒಪ್ಪಂದ ಮಾತ್ರ. ಅದನ್ನು ಬರೆಯೋದಾದರೆ ಕತೆಯ ತಲೆಯಲ್ಲೇ ಟ್ಯಾಗ್ ಹಾಕಿ: "ಒಪ್ಪಿಗೆಯಿಲ್ಲದ ಶಿಕ್ಷೆ, ಕೊನೆಗೆ ನ್ಯಾಯ ಸಿಗುತ್ತೆ" ಅಥವಾ "ಸಿಗಲ್ಲ". ಆ ಕೊನೆಯ ಎರಡು ಪದ ಬಿಡಬೇಡಿ, ಓದುಗರು ಅದನ್ನೇ ಹುಡುಕೋದು.

ಒಪ್ಪಂದದ ವಿಷಯಕ್ಕೆ ಒಂದು ಹಳೆ ಉದಾಹರಣೆ. ಮಸೋಕಿಸಂ (ನೋವು, ಅವಮಾನದಲ್ಲಿ ಸುಖ ಕಾಣೋದು) ಅನ್ನೋ ಪದ ಬಂದದ್ದೇ ಯಾರ ಹೆಸರಿನಿಂದಲೋ, ಆ ಸಾಖರ್-ಮಸೋಖ್‌ನ 1870ರ ಕಾದಂಬರಿಯಲ್ಲಿ ನಾಯಕ ಸಹಿ ಹಾಕಿ ತಾನು ಪ್ರೀತಿಸುವ ಹೆಣ್ಣಿಗೆ ತನ್ನನ್ನು ಒಪ್ಪಿಸಿಕೊಳ್ತಾನೆ. ಅಲ್ಲಿಂದ ಮುಂದೆ ಶಿಕ್ಷೆಗೆ ಕಾರಣ ಬೇಕಾಗಿಲ್ಲ, ಅವಳ ಮರ್ಜಿಯೇ ಕಾನೂನು. ಅಲ್ಲಿ ಅನ್ಯಾಯವೇ ಕರಾರಿನ ಒಳಗಿದೆ. ಹಾಗಾಗಿ ರಸೀದಿಯ ತರದ ಬಾಕಿ ಅಲ್ಲಿ ಹುಟ್ಟಲ್ಲ, ಅದರ ಕಾವು ಬೇರೆ ಥರದ್ದು.

ಇಬ್ಬನಿ

ಮನಶ್ಶಾಸ್ತ್ರದ ಕಡೆಯಿಂದ ಎರಡು ವಿಷಯ ಸೇರಿಸ್ತೀನಿ, ಎರಡೂ ಬರೆಯೋರಿಗೆ ನೇರ ಉಪಯೋಗ.

1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರಲಿನ್ ಸಿಮನ್ಸ್ ಒಂದು ಪ್ರಯೋಗ ಮಾಡಿದರು. ತಪ್ಪು ಉತ್ತರಕ್ಕೆ ಒಬ್ಬಾಕೆಗೆ ವಿದ್ಯುತ್ ಶಾಕ್ ಕೊಡುತ್ತಿರುವಂತೆ ಕಾಣುವ ದೃಶ್ಯವನ್ನು ಜನ ನೋಡಬೇಕು. ಶಾಕ್ ನಿಜವಲ್ಲ, ನಟನೆ. ಆಕೆಯ ಸಂಕಟ ಮುಂದುವರಿಯುತ್ತೆ, ತಮ್ಮಿಂದ ಏನೂ ಮಾಡೋಕಾಗಲ್ಲ ಅಂತ ತಿಳಿದವರು ಆಕೆಯ ಬಗ್ಗೆಯೇ ಕೀಳಾದ ಅಭಿಪ್ರಾಯ ಕೊಟ್ಟರು. ಆಕೆಯನ್ನು ಶಾಕ್‌ನಿಂದ ಬಿಡಿಸಿ ಬಹುಮಾನದ ಕಡೆ ಹಾಕುವ ಅವಕಾಶ ಸಿಕ್ಕವರಲ್ಲಿ ಆ ತಾತ್ಸಾರ ಕಡಿಮೆ ಇತ್ತು. ಲೋಕ ನ್ಯಾಯವಾಗಿದೆ ಅಂತ ನಂಬೋಕೆ ಮನಸ್ಸು ಅಷ್ಟು ಹಟ ಹಿಡಿಯುತ್ತೆ.

ನಿಮ್ಮ ಕತೆಯ ಕೆಳಗೆ "ಅವಳದ್ದೂ ಸೊಕ್ಕು ಜಾಸ್ತಿ ಬಿಡಿ" ಅನ್ನೋ ಪ್ರತಿಕ್ರಿಯೆ ಬರೋದು ಇದರಿಂದಲೇ. ನ್ಯಾಯ ಸಿಗುವ ಸುಳಿವೇ ಇಲ್ಲದಿದ್ದರೆ ಓದುಗರು ನಾಯಕಿಯಲ್ಲೇ ತಪ್ಪು ಹುಡುಕ್ತಾರೆ. ಬಿಳಿ ಅಂಚಿನ ರಸೀದಿ ಮಾಡ್ತಿರೋ ಕೆಲಸ ಇದೇ: ನ್ಯಾಯ ಸತ್ತಿಲ್ಲ, ಕಿಸೆಯಲ್ಲಿದೆ.

ಎರಡನೆಯದು ಡಾಲ್ಫ್ ಜಿಲ್ಮನ್ ಎಪ್ಪತ್ತರ ದಶಕದ ಆರಂಭದಲ್ಲಿ ಮಂಡಿಸಿದ ಉದ್ರೇಕ ವರ್ಗಾವಣೆ. ಒಂದು ಭಾವದಿಂದ ಏರಿದ ಎದೆಬಡಿತ ಪೂರ್ತಿ ಇಳಿಯೋ ಮುಂಚೆ ಇನ್ನೊಂದು ಭಾವ ಬಂದರೆ, ಹಳೆಯ ಕಾವು ಹೊಸದಕ್ಕೆ ಸೇರಿ ಅದನ್ನು ಹೆಚ್ಚಿಸುತ್ತೆ. ಆರೋಪದ ದೃಶ್ಯದಲ್ಲಿ ಏರಿದ ಸಿಟ್ಟು ಆಮೇಲಿನ ದೃಶ್ಯವನ್ನೆಲ್ಲ ಕಾಯಿಸ್ತಾ ಹೋಗೋದು ಹೀಗೆ. ಆದರೆ ಈ ಕಾವು ನಿಮಿಷಗಳಲ್ಲಿ ಆರುತ್ತೆ. ತೀರ್ಪಿಗೂ ಮೊದಲ ಏಟಿಗೂ ನಡುವೆ ಕಿಟಕಿಯಾಚೆಯ ಮಳೆ, ಪರದೆಯ ಬಣ್ಣ, ಅವಳ ಹಳೆ ಗೆಳತಿಯ ಕತೆ ಎಲ್ಲ ತುರುಕಿದರೆ ಆರಿದ ಒಲೆ ಮೇಲೆ ಹಾಲಿಟ್ಟಂತೆ.

ನಡುರಾತ್ರಿ_ಓದುಗ

ಅದಕ್ಕೇನಾ ಕೆಲವು ಕತೆಗಳಲ್ಲಿ ಏಟಿಗಿಂತ ಮೂಲೆಯಲ್ಲಿ ನಿಲ್ಲಿಸಿದ ಭಾಗವೇ ನೆನಪಿರೋದು? ಏನೂ ಆಗ್ತಿರಲ್ಲ ಅಲ್ಲಿ.

ಇಬ್ಬನಿ

ಹೌದು. ಸಿಟ್ಟು ಏರಿದೆ, ಹೋಗೋಕೆ ದಾರಿಯಿಲ್ಲ.

ಕರಡುಪ್ರತಿ

ಮೈಯ ವಿವರದಲ್ಲಿ ಸುಳ್ಳು ಕಂಡರೆ ಅನ್ಯಾಯವೂ ಸುಳ್ಳಾಗುತ್ತೆ, ಅದಕ್ಕೆ ಸ್ವಲ್ಪ. ಅಂಗೈಯ ಏಟಿಗೆ ಚರ್ಮ ಕೆಂಪಾಗೋದು ಕೂಡಲೇ, ನೀಲಿಗಟ್ಟುವುದಿದ್ದರೆ ಗಂಟೆಗಳ ಮೇಲೆ. ದೃಶ್ಯ ನಡೀತಿರುವಾಗಲೇ ನೀಲಿ ಬರೆ ಬರೆಯಬೇಡಿ. ತೆಳುವಾದ ವಸ್ತು ಚುರ್ ಅನ್ನಿಸುತ್ತೆ, ದಪ್ಪ ಭಾರದ್ದು ಒಳಗೆ ದಮ್ ಅಂತ ಇಳಿಯುತ್ತೆ, ಎರಡಕ್ಕೂ ಒಂದೇ ವರ್ಣನೆ ಸಲ್ಲದು. ಏಟು ಬೀಳೋ ಜಾಗ ಪಿರ್ರೆಯ ಕೆಳಗಿನ ಮಾಂಸಲ ಭಾಗ. ಸೊಂಟ, ಬೆನ್ನುಮೂಳೆಯ ತುದಿ, ಮೂತ್ರಪಿಂಡದ ಜಾಗ ಬಂದರೆ ತಿಳಿದ ಓದುಗರು ಕತೆಯಿಂದ ಎದ್ದು ಹೋಗ್ತಾರೆ. ಹೊಡೆದವನ ಅಂಗೈಯೂ ಉರಿಯುತ್ತೆ ಅನ್ನೋದನ್ನು ಯಾರೂ ಬರೆಯಲ್ಲ. ಅನ್ಯಾಯದ ಕತೆಯಲ್ಲಂತೂ ಅದು ಬಂಗಾರ: ನಿಜ ತಿಳಿಯುವ ಹೊತ್ತಿಗೆ ಅವನ ಕೈಯಿನ್ನೂ ಬಿಸಿಯಾಗಿರಬಹುದು.

ಎಣಿಕೆ ಆರು ಅಂದಮೇಲೆ ಆರನ್ನೂ ಬರೆಯಬೇಕಿಲ್ಲ. ಒಂದು, ಮೂರು, ಆರು ಸಾಕು.

ಅಲ್ಪವಿರಾಮ

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ಅನುಕೂಲ ಇದೆ, ಬಳಸೋರು ಕಡಿಮೆ. ನಾವು ಏಟು ತಿಂತೀವಿ, ಏಟು ಬೀಳುತ್ತೆ. ಹೊಡೆದವರ ಹೆಸರೇ ಬೇಕಿಲ್ಲ. ಶಿಕ್ಷೆ ನಡೆಯುವಾಗ "ಬಿತ್ತು" ಅಂತಲೇ ಹೋಗಿ, ನಿಜ ಬಯಲಾದ ಮೇಲೆ ಮೊದಲ ಸಲ "ನೀನು ಹೊಡೆದೆ" ಅನ್ನಿಸಿ. ಕ್ರಿಯಾಪದ ಬದಲಾದದ್ದೇ ತೀರ್ಪು.

ಆರೋಪಕ್ಕೆ ನಮ್ಮ "ಅಂತೆ" ಇದೆ. "ಬಿಲ್ ಕಟ್ಟಿಲ್ವಂತೆ" ಅಂದಾಗಲೇ ಅದು ಕೇಳಿದ ಮಾತು, ಕಂಡದ್ದಲ್ಲ ಅಂತ ಓದುಗರ ಕಿವಿಗೆ ಬೀಳುತ್ತೆ, ಲೇಖಕರು ಬಾಯಿ ಹಾಕಬೇಕಿಲ್ಲ. "ಸುಮ್ಮನೆ" ನೋಡಿ: ಸುಮ್ಮನೆ ತಿಂದಳು ಅಂದರೆ ಕಾರಣವಿಲ್ಲದೆ ತಿಂದಳು, ಮಾತಾಡದೆಯೂ ತಿಂದಳು. ನಮ್ಮ ಕತೆಯ ಇಡೀ ಹೂರಣ ಆ ಒಂದು ಪದದಲ್ಲಿದೆ.

ಎಲ್ಲಕ್ಕಿಂತ ಹೆಚ್ಚು "ತಪ್ಪಾಯ್ತು". ಅದರಲ್ಲಿ ಕರ್ತೃವೇ ಇಲ್ಲ. ತಪ್ಪು ಎಲ್ಲೋ ಆಯ್ತು, ಯಾರಿಂದಲೋ ಆಯ್ತು. ನಿರಪರಾಧಿ ಸುಳ್ಳು ಹೇಳದೆ ಶರಣಾಗಬೇಕಾದರೆ ಇದಕ್ಕಿಂತ ಒಳ್ಳೆ ಮಾತಿಲ್ಲ. ಹೊಡೆದವನ ಬಾಯಲ್ಲಿ ಅದೇ ಮಾತು ಅಗ್ಗ. ಅವನು "ತಪ್ಪಾಯ್ತು" ಅಂತ ಬರಲಿ, ಅವಳು ಕಾಯಲಿ, "ನಾನು ತಪ್ಪು ಮಾಡಿದೆ" ಅಂತ ತಿದ್ದಿಕೊಂಡ ಮೇಲೆ ತಿರುಗಿ ನೋಡಲಿ. 1100 ಪದಗಳಲ್ಲಿ ನೂರು ಅಲ್ಲಿಗೆ ಖರ್ಚಾಗಲಿ.

ಗಂಟುಮೂಟೆ

ಇದು ಒಪ್ಪಿದೆ. ಆದರೆ ಕ್ಷಮೆ ಕೇಳಿದ ಮಾತ್ರಕ್ಕೆ ಸಾಲ ತೀರುತ್ತಾ? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ.

ತಿದ್ದುಪಡಿ

ತೀರಬಾರದು. ಪೂರ್ತಿ ತೀರಿಸಿದ ಕತೆಗಳೇ ಸಪ್ಪೆ. ಬಹಳ ಜನ ಮಾಡೋ ತಪ್ಪು, ಪಾತ್ರ ಅದಲುಬದಲು ಮಾಡಿ ಅವನಿಗೂ ಆರು ಏಟು ಕೊಡಿಸೋದು. ಕಾಗದದ ಮೇಲೆ ಸಮ, ಆದರೆ ಅವನದ್ದು ಅರ್ಹ ಶಿಕ್ಷೆ, ಅವಳದ್ದಲ್ಲ. ಎರಡೂ ಆರು ಒಂದೇ ಅಲ್ಲ. ಅದರ ಬದಲು ನಿಯಮವೇ ಬದಲಾಗಲಿ: ಇನ್ನುಮುಂದೆ ತೀರ್ಪಿಗೆ ಒಂದು ರಾತ್ರಿ ಕಾಯಬೇಕು. ಅಥವಾ ಅವಳ ಖಾತೆಗೆ ಆರು ಜಮಾ, ಮುಂದೆ ನಿಜವಾಗಿ ತಪ್ಪು ಮಾಡಿದಾಗ ಬಳಸಬಹುದು, ಆದರೆ ಯಾವತ್ತೂ ಬಳಸಲ್ಲ. ಬಳಸದೆ ಇಟ್ಟುಕೊಂಡ ಆ ಆರೇ ಅವನ ಮೇಲಿನ ಹಿಡಿತ.

ಅವಳೇ ರಸೀದಿ ಎತ್ತಿ ಮುಖಕ್ಕೆ ಹಿಡಿಯೋದೂ ಬೇಡ. ಅವನಿಗೆ ತಾನಾಗಿ ಸಿಗಬೇಕು. ಮರುದಿನ ಅವಳ ಕೋಟನ್ನು ಇಸ್ತ್ರಿ ಮಾಡೋಕೆ ಎತ್ತಿಕೊಂಡಾಗ, ಉದಾಹರಣೆಗೆ.

ಇಬ್ಬನಿ

ಇಸ್ತ್ರಿ ಬೇಡಪ್ಪಾ! ಕೌಂಟರಿನ ರಸೀದಿ ಹೆಚ್ಚಾಗಿ ಥರ್ಮಲ್ ಕಾಗದ, ಬಿಸಿ ತಾಗಿದರೆ ಪೂರ್ತಿ ಕಪ್ಪಾಗಿಬಿಡುತ್ತೆ. ಸಾಕ್ಷಿಯೇ ಹೋಯ್ತು.

ಅಲ್ಪವಿರಾಮ

ಹೋಗಲಿ ಬಿಡಿ, ಅದೇ ಚೆನ್ನ. ಇಸ್ತ್ರಿಪೆಟ್ಟಿಗೆಯ ತುದಿ ತಾಗಿದಷ್ಟು ಜಾಗ ಕಪ್ಪು, ಮೊತ್ತ ಹೋಯ್ತು, ಹೆಸರು ಹೋಯ್ತು, ಮೇಲಿನ ಮೂಲೆಯಲ್ಲಿ ತಾರೀಕು ಮಾತ್ರ ಉಳಿದಿದೆ: 9.